ಕತ್ತಾಳೆಯ ಮದ್ಯದಿಂದ ಓಲ್ಡ್ ಫ್ಯಾಷನ್ಡ್: ಮನೆಯಲ್ಲಿ ಕೂಡಿಸುವ ಕ್ರಮ

ವಿಸ್ಕಿಯಿಂದ ಓಲ್ಡ್ ಫ್ಯಾಷನ್ಡ್ ಎಂಬ ಕಾಕ್‌ಟೇಲನ್ನು ಮನೆಯಲ್ಲಿಯೇ ಸೊಗಸಾಗಿ ಕೂಡಿಸಬಲ್ಲವರು ಕೂಡ, ಒಂದು ದಿನ ವಿಸ್ಕಿಯ ಸ್ಥಾನದಲ್ಲಿ ಕತ್ತಾಳೆಯಿಂದ ಬಟ್ಟಿಯಿಳಿಸಿದ ಟೆಕಿಲಾವನ್ನೋ ಮೆಜ್ಕಾಲನ್ನೋ ಅದೇ ಅಳತೆಯಲ್ಲಿ ಸುರಿದು, ಅದೇ ಸಕ್ಕರೆಯನ್ನು ಅಷ್ಟೇ ಹಾಕಿ, ರುಚಿ ನೋಡಿ ನಿರಾಶರಾಗುವುದುಂಟು. ಟೆಕಿಲಾ ಒಂದನ್ನೇ ಹಾಕಿದರೆ ಪಾನೀಯ ತೆಳ್ಳಗಾಗಿ, ಹಸುರು ಗಿಡದ ಘಾಟೂ ಕಾಳುಮೆಣಸಿನ ಖಾರವೂ ಬೆರೆತ ಒಂದು ತೀಕ್ಷ್ಣತೆ ಮಾತ್ರ ನಾಲಗೆಯ ಮೇಲೆ ಉಳಿಯುತ್ತದೆ. ಮೆಜ್ಕಾಲ್ ಒಂದನ್ನೇ ಹಾಕಿದರೆ ಹೊಗೆಯ ವಾಸನೆಯೊಂದನ್ನುಳಿದು ಬೇರೇನೂ ತಿಳಿಯದಂತಾಗುತ್ತದೆ. ಆ ತೀಕ್ಷ್ಣತೆಯನ್ನಡಗಿಸಲೆಂದು ಸಿಹಿಯನ್ನು ಹೆಚ್ಚಿಸಿದರಂತೂ ಎರಡನೆಯ ಗುಟುಕಿಗೇ ಬೇಸರ ಬರುತ್ತದೆ. ಒಂದು ಮದ್ಯದ ಸ್ವಭಾವಕ್ಕೆ ಹೊಂದಿ ಬೆಳೆದ ಅಳತೆಯನ್ನು ಮತ್ತೊಂದರ ಮೇಲೆ ಹಾಗೆಯೇ ಹೊರಿಸಿದುದರ ಫಲವಿದು. ಮದ್ಯವನ್ನು ಬದಲಾಯಿಸಿದಿರಾದರೆ, ಅದರೊಡನೆ ಸಿಹಿಯನ್ನೂ, ಅದಕ್ಕಿಂತ ಮುಖ್ಯವಾಗಿ ನೀರನ್ನೂ ಹೊಸದಾಗಿ ಯೋಚಿಸಬೇಕು. ಈ ಲೇಖನದಲ್ಲಿ ಹೇಳಬೇಕಾದುದರ ತಿರುಳು ಇಷ್ಟೇ.

ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿಬಿಡೋಣ. 1806ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು, ಕಾಕ್‌ಟೇಲ್ ಎಂದರೇನೆಂದು ಕೇಳಿದ ವಾಚಕನಿಗೆ, ಬಟ್ಟಿಯಿಳಿಸಿದ ಮದ್ಯ, ಸಕ್ಕರೆ, ನೀರು, ಕಹಿರಸ ಈ ನಾಲ್ಕರ ಮಿಶ್ರಣವೇ ಅದೆಂದು ಉತ್ತರಿಸಿತು. ಆ ಶತಮಾನದ ಉತ್ತರಾರ್ಧದಲ್ಲಿ ಪಾನಗೃಹದವರು ಈ ಸರಳ ಮಿಶ್ರಣಕ್ಕೆ ನಾನಾ ಬಗೆಯ ಸಿಹಿಮದ್ಯಗಳನ್ನು ಸೇರಿಸತೊಡಗಿದಾಗ, ಹಳೆಯ ಕ್ರಮದ್ದೇ ಬೇಕೆಂದು ಕೇಳುವವರಿಗಾಗಿ ಉಳಿದುಕೊಂಡದ್ದು ಓಲ್ಡ್ ಫ್ಯಾಷನ್ಡ್. ಇದರ ಕತ್ತಾಳೆಯ ರೂಪವನ್ನು 2007ರ ಸುಮಾರಿಗೆ ನ್ಯೂಯಾರ್ಕ್ ನಗರದ ಡೆತ್ ಅಂಡ್ ಕೋ ಎಂಬ ಪಾನಗೃಹದಲ್ಲಿ ಫಿಲ್ ವಾರ್ಡ್ ಎಂಬುವರು ರೂಪಿಸಿದರು. ಮೆಜ್ಕಾಲಿನ ತವರಾದ ದಕ್ಷಿಣ ಮೆಕ್ಸಿಕೋದ ವಹಾಕಾ ಪ್ರಾಂತ್ಯದಿಂದ ಅದಕ್ಕೆ ವಹಾಕಾ ಓಲ್ಡ್ ಫ್ಯಾಷನ್ಡ್ ಎಂಬ ಹೆಸರಾಯಿತು. ಮುಕ್ಕಾಲು ಪಾಲು ಟೆಕಿಲಾ, ಕಾಲು ಪಾಲು ಮೆಜ್ಕಾಲ್ ಎಂಬ ಅವರ ವಿಭಾಗ ಇಂದಿಗೂ ನಿಂತಿದೆ. ಅದಕ್ಕಿಂತ ಮೇಲಾದುದನ್ನು ನಾನು ಕಂಡಿಲ್ಲ.

ಈ ಅಳತೆ ಏಕೆ ಹೊಂದುತ್ತದೆ

ಓಲ್ಡ್ ಫ್ಯಾಷನ್ಡ್‌ಗೆ ಸಾಮಾನ್ಯವಾಗಿ ಬಳಸುವ ಅಮೆರಿಕದ ಬೂರ್ಬನ್ ವಿಸ್ಕಿ, ಒಳಮೈಯನ್ನು ಸುಟ್ಟು ಕರಿಗೊಳಿಸಿದ ಹೊಸ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕುಳಿತು, ಮರದಿಂದ ವೆನಿಲಾದ ಮತ್ತು ಸುಟ್ಟ ಸಕ್ಕರೆಯ ಪರಿಮಳವನ್ನು ಹೀರಿಕೊಂಡಿರುತ್ತದೆ. ಅದರಲ್ಲಿ ಮೊದಲೇ ಒಂದು ಬಗೆಯ ದುಂಡುತನವಿರುವುದರಿಂದ ಚೂರು ಸಕ್ಕರೆ, ಎರಡು ತೊಟ್ಟು ಕಹಿರಸ ಸೇರಿದೊಡನೆ ಅದು ಪೂರ್ಣವಾಗುತ್ತದೆ. ಪೀಪಾಯಿಯನ್ನೇ ಕಾಣದ ಬ್ಲಾಂಕೋ ಟೆಕಿಲಾದಲ್ಲಿ ಈ ಆಧಾರವಿಲ್ಲ. ಆದುದರಿಂದಲೇ ಎರಡು ತಿಂಗಳಿಗೆ ಕಡಿಮೆಯಿಲ್ಲದಂತೆ, ಒಂದು ವರ್ಷವನ್ನು ಮೀರದಂತೆ ಓಕ್ ಮರದ ಸಹವಾಸದಲ್ಲಿದ್ದ ರೆಪೊಸಾದೊ ಟೆಕಿಲಾ ಇಲ್ಲಿಗೆ ಸಮುಚಿತವಾದುದು: ಅದರಲ್ಲಿ ಮರದ ಮೃದುತ್ವ ಸ್ವಲ್ಪ ಬಂದಿರುತ್ತದೆ, ಗಿಡದ ಮೂಲಸ್ವಭಾವವೂ ಮಾಸಿರುವುದಿಲ್ಲ. ಒಂದರಿಂದ ಮೂರು ವರ್ಷ ಮಾಗಿದ ಅನ್ಯೆಹೋ ಹೆಚ್ಚು ಬೆಲೆಯದಾದರೂ, ಈ ಕೆಲಸಕ್ಕೆ ಅದು ವಿಸ್ಕಿಗೆ ತೀರ ಹತ್ತಿರ ಬಂದುಬಿಡುತ್ತದೆ. ವಿಸ್ಕಿಯಂತಾಗುವುದಾದರೆ ವಿಸ್ಕಿಯನ್ನೇ ಬಳಸಬಹುದಷ್ಟೆ.

ಮೆಜ್ಕಾಲಿನ ಹೊಗೆ ಎಲ್ಲಿಂದ ಬರುತ್ತದೆಂಬುದನ್ನರಿತರೆ ಅದನ್ನೇಕೆ ಮಿತವಾಗಿ ಹಾಕಬೇಕೆಂಬುದೂ ತಿಳಿಯುತ್ತದೆ. ಕತ್ತಾಳೆಯ ಗೆಡ್ಡೆಯಂಥ ಒಳತಿರುಳಿನಲ್ಲಿ ಸಂಚಿತವಾಗಿರುವ ಫ್ರಕ್ಟಾನ್ ಎಂಬ ಸತ್ತ್ವ, ಕಾಯಿಸಿದಲ್ಲದೆ ಹುದುಗೇಳುವ ಸಕ್ಕರೆಯಾಗಿ ಒಡೆಯುವುದಿಲ್ಲ. ಟೆಕಿಲಾದವರು ಈ ತಿರುಳನ್ನು ಇಟ್ಟಿಗೆಯ ಒಲೆಗಳಲ್ಲಿಯೋ ಉಕ್ಕಿನ ಪಾತ್ರೆಗಳಲ್ಲಿಯೋ ಹಬೆಯಿಂದ ಬೇಯಿಸುತ್ತಾರೆ. ವಹಾಕಾದ ಸಾಂಪ್ರದಾಯಿಕ ಭಟ್ಟಿಗಳವರಾದರೋ ನೆಲದಲ್ಲಿ ಗುಂಡಿ ತೋಡಿ, ಕಟ್ಟಿಗೆಯ ಬೆಂಕಿಯಿಂದ ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಅವುಗಳ ಮೇಲೆ ತಿರುಳನ್ನು ರಾಶಿ ಹಾಕಿ, ನಾರಿನಿಂದಲೂ ಮಣ್ಣಿನಿಂದಲೂ ಮುಚ್ಚಿ ಹಲವು ದಿನ ಹಾಗೆಯೇ ಬಿಡುತ್ತಾರೆ. ಆ ದಿನಗಳಲ್ಲಿ ತಿರುಳು ಕುಡಿದ ಧೂಮ ಹುದುಗನ್ನೂ ಬಟ್ಟಿಯನ್ನೂ ದಾಟಿ ಸೀಸೆಯವರೆಗೆ ಬರುತ್ತದೆ. ಇಷ್ಟು ಬಲವಾದ ಪರಿಮಳ ಪಾನೀಯದ ಕಾಲು ಭಾಗವಾಗಿದ್ದಾಗ ಹಿನ್ನೆಲೆಯಾಗಿ ನಿಂತು ಟೆಕಿಲಾಕ್ಕೆ ಆಳವನ್ನು ಕೊಡುತ್ತದೆ. ಅರ್ಧ ಭಾಗವಾದರೆ ಉಳಿದುದನ್ನೆಲ್ಲ ನುಂಗುತ್ತದೆ.

ಇನ್ನು ಸಿಹಿಯ ವಿಚಾರ. ಕತ್ತಾಳೆಯ ಪಾಕದಲ್ಲಿ, ಅಂದರೆ ಅಂಗಡಿಯಲ್ಲಿ ಅಗಾವೆ ಸಿರಪ್ ಎಂದು ಮಾರುವ ತಿಳಿಜೇನುಬಣ್ಣದ ದ್ರವದಲ್ಲಿ, ಹೆಚ್ಚಿನ ಪಾಲು ಫ್ರಕ್ಟೋಸ್ ಇರುವುದರಿಂದ ಅದು ತೂಕಕ್ಕೆ ತೂಕ ನೋಡಿದರೆ ಸಕ್ಕರೆಯ ಪಾಕಕ್ಕಿಂತ ಬಹಳ ಸಿಹಿ. ಫ್ರಕ್ಟೋಸಿಗೆ ಇನ್ನೊಂದು ವಿಶೇಷ ಗುಣವುಂಟು: ತಣ್ಣಗಾದಂತೆಲ್ಲ ಅದರ ಅಣುಗಳಲ್ಲಿ ಹೆಚ್ಚು ಸಿಹಿಯಾದ ರೂಪವೇ ಪ್ರಬಲವಾಗಿ, ಸಾಮಾನ್ಯ ಸಕ್ಕರೆಯೊಡನೆ ಹೋಲಿಸಿದಾಗ ಅದರ ಸಿಹಿ ಏರುತ್ತದೆ. ಮಂಜುಗಡ್ಡೆ ಹಾಕುವ ಮೊದಲು ರುಚಿ ನೋಡಿ, ಸಾಲದೆಂದು ಇನ್ನೊಂದು ಚಮಚ ಸುರಿದವರ ಪಾನೀಯ ಕೊನೆಯಲ್ಲಿ ಪಾನಕವಾಗುವುದಕ್ಕೆ ಇದೇ ಕಾರಣ.

ಒಬ್ಬರಿಗೆ ಬೇಕಾಗುವ ಸಾಮಗ್ರಿ

ರೆಪೊಸಾದೊ ಟೆಕಿಲಾ 45 ಮಿಲಿಲೀಟರ್, ಮೆಜ್ಕಾಲ್ 15 ಮಿಲಿಲೀಟರ್, ಕತ್ತಾಳೆಯ ಪಾಕ 5 ಮಿಲಿಲೀಟರ್ ಅಂದರೆ ಮಟ್ಟವಾದ ಒಂದು ಟೀ ಚಮಚ, ಅಂಗೊಸ್ತುರಾ ಬಿಟರ್ಸ್ ಸೀಸೆಯಿಂದ ಎರಡು ಕೊಡವು, ಕಿತ್ತಳೆಯ ಸಿಪ್ಪೆಯ ಒಂದು ಪಟ್ಟಿ, ಬೇಕಾದಷ್ಟು ಮಂಜುಗಡ್ಡೆ.

ಟೆಕಿಲಾ ಕೊಳ್ಳುವಾಗ ಚೀಟಿಯ ಮೇಲೆ ನೂರಕ್ಕೆ ನೂರು ಕತ್ತಾಳೆಯದೆಂಬ ಘೋಷಣೆಯಿದೆಯೇ ಎಂದು ನೋಡಿರಿ. ಅದಿಲ್ಲದಿದ್ದರೆ ಹುದುಗಿಸಿದ ಸಕ್ಕರೆಯಲ್ಲಿ ನೂರಕ್ಕೆ 49 ಪಾಲಿನವರೆಗೆ ಬೇರೆ ಮೂಲದ್ದಿರಲು ಮೆಕ್ಸಿಕೋದ ನಿಯಮವೇ ಅವಕಾಶ ಕೊಟ್ಟಿದೆ. ನಿಂಬೆರಸದ ಹುಳಿಯಲ್ಲಿ ಅಂಥದರ ಕೊರತೆ ಮುಚ್ಚಿಹೋಗಬಹುದು. ಮದ್ಯವೇ ಎದುರಿಗೆ ನಿಲ್ಲುವ ಈ ಪಾನೀಯದಲ್ಲಿ ಮುಚ್ಚುವುದಿಲ್ಲ. ಮೆಜ್ಕಾಲಿನಲ್ಲಿ ಎಸ್ಪಾದಿನ್ ಜಾತಿಯ ಕತ್ತಾಳೆಯಿಂದ ಮಾಡಿದ್ದು ಸಾಕು. ಕಾಡುಜಾತಿಗಳಿಂದ ಮಾಡಿದ ದುಬಾರಿ ಮೆಜ್ಕಾಲನ್ನು ಬೆರೆಸಿ ಕೆಡಿಸದೆ, ಅದನ್ನೇ ಪ್ರತ್ಯೇಕವಾಗಿ ಹೀರಿ ಆಸ್ವಾದಿಸುವುದು ಮೇಲು.

ಬಿಟರ್ಸ್ ಎಂಬ ಕಹಿರಸ, ತಿಳಿಸಾರಿನಲ್ಲಿ ಇಂಗಿನಂತೆ, ಇದೆಯೆಂದು ತೋರದೆ ಇಲ್ಲದಾಗ ಮಾತ್ರ ತಿಳಿಯುವಂಥದು. ವೆನೆಜುವೆಲಾದ ಅಂಗೊಸ್ತುರಾ ಪಟ್ಟಣದಲ್ಲಿ ಸೀಗರ್ಟ್ ಎಂಬ ವೈದ್ಯರು 1824ರಲ್ಲಿ ಹೊಟ್ಟೆಯ ಔಷಧವಾಗಿ ಸಿದ್ಧಪಡಿಸಿದ ಇದು, ಈಗ ಟ್ರಿನಿಡಾಡಿನಲ್ಲಿ ತಯಾರಾಗಿ ಲೋಕದ ಎಲ್ಲ ಕಡೆಗೂ ಹೋಗುತ್ತದೆ. ಒಂದು ಸಣ್ಣ ಸೀಸೆ ಮನೆಯೊಂದಕ್ಕೆ ವರ್ಷಗಳ ಕಾಲ ಬರುವುದರಿಂದ ಬೆಲೆ ಕಂಡು ಹಿಂಜರಿಯಬೇಕಾದುದಿಲ್ಲ.

ಕಿತ್ತಳೆಯ ಬಗೆಗೆ ಒಂದು ಮಾತು. ನಮ್ಮ ಕೊಡಗಿನ ಕಿತ್ತಳೆ ಮತ್ತು ನಾಗಪುರದ ಕಿತ್ತಳೆ ತಿನ್ನಲು ಅಮೃತಪ್ರಾಯವಾದರೂ, ಅವುಗಳ ಸಿಪ್ಪೆ ತೆಳ್ಳಗೆ, ತೊಳೆಗಳಿಗಂಟದೆ ಸಡಿಲವಾಗಿರುವುದರಿಂದ ಚಾಕುವಿಗೆ ಪಟ್ಟಿಯಾಗಿ ಸಿಕ್ಕದೆ ಹರಿಯುತ್ತದೆ. ಸಿಪ್ಪೆ ಬಿಗಿಯಾಗಿ ಅಂಟಿಕೊಂಡಿರುವ ಮಾಲ್ಟಾ ಮೊದಲಾದ ದಪ್ಪ ಚರ್ಮದ ಜಾತಿ ಇಲ್ಲಿಗೆ ಹೆಚ್ಚು ತಕ್ಕುದು. ಹೊರದೇಶದಿಂದ ಬಂದ ಹಣ್ಣಿನ ಮೇಲೆ ಹೊಳಪಿಗಾಗಿ ಮೇಣ ಸವರಿರುತ್ತಾರಾದುದರಿಂದ ಬೆಚ್ಚಗಿನ ನೀರಿನಲ್ಲಿ ತಿಕ್ಕಿ ತೊಳೆದು ಒರೆಸಿಕೊಳ್ಳಿರಿ.

ಮಂಜುಗಡ್ಡೆ ಮತ್ತು ನೀರು

ಬಹುಮಂದಿ ಲಕ್ಷ್ಯಕ್ಕೆ ತಂದುಕೊಳ್ಳದ ಸಾಮಗ್ರಿಯೆಂದರೆ ನೀರೇ. 1806ರ ಆ ಉತ್ತರದಲ್ಲಿ ನೀರನ್ನು ಮದ್ಯಕ್ಕೂ ಸಕ್ಕರೆಗೂ ಸಮನಾದ ಅಂಗವಾಗಿ ಎಣಿಸಿರುವುದು ಯುಕ್ತವಾದುದು, ಏಕೆಂದರೆ ಮದ್ಯದಲ್ಲಿ ಬಂಧಿತವಾದ ಪರಿಮಳಗಳು ತಕ್ಕಷ್ಟು ನೀರು ಬೆರೆತ ಮೇಲೆಯೇ ಬಿಚ್ಚಿಕೊಳ್ಳುತ್ತವೆ; ಅದಕ್ಕಿಂತ ಕಡಿಮೆಯಾದರೆ ಗಂಟಲು ಉರಿಯುತ್ತದೆ, ಹೆಚ್ಚಾದರೆ ಎಲ್ಲವೂ ಸಪ್ಪೆಯಾಗುತ್ತದೆ. ಈ ನೀರು ಲೋಟದ ಮಂಜುಗಡ್ಡೆಯಿಂದಲೇ ಬರಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕೆಲೊರಿ ಶಾಖ ಬೇಕು. ಆ ಶಾಖವನ್ನು ಅದು ಮದ್ಯದಿಂದ ಎಳೆದುಕೊಳ್ಳುವುದರಿಂದಲೇ ಮದ್ಯ ತಣ್ಣಗಾಗುತ್ತದೆ. ಎಂದಮೇಲೆ ತಂಪಾಗುವುದೂ ನೀರಾಗುವುದೂ ಒಂದೇ ಕ್ರಿಯೆಯ ಎರಡು ಮುಖಗಳು. 30 ಡಿಗ್ರಿಯ ಕೋಣೆಯಲ್ಲಿಟ್ಟಿದ್ದ 60 ಮಿಲಿಲೀಟರ್ ಮದ್ಯವನ್ನು ಸೊನ್ನೆ ಡಿಗ್ರಿಗಿಂತ ತುಸು ಕೆಳಕ್ಕೆ ಇಳಿಸುವಷ್ಟರಲ್ಲಿ 15ರಿಂದ 20 ಮಿಲಿಲೀಟರ್ ನೀರು ಸೇರಿರುತ್ತದೆ, ಮತ್ತು ಈ ಪಾನೀಯಕ್ಕೆ ಬೇಕಾದುದೂ ಹೆಚ್ಚುಕಡಿಮೆ ಅಷ್ಟೇ. ಚೈತ್ರ ವೈಶಾಖಗಳಲ್ಲಿ ಬಳ್ಳಾರಿ ಕಲಬುರಗಿಗಳ ಮನೆಯೊಂದರ ಕಪಾಟಿನಲ್ಲಿದ್ದ ಸೀಸೆ 40 ಡಿಗ್ರಿಯ ಹತ್ತಿರವಿರುವಾಗ, ಅದೇ ತಂಪಿಗೆ ಇನ್ನೂ ಹೆಚ್ಚು ನೀರು ಸೇರುತ್ತದೆ. ಅಂಥ ದಿನಗಳಲ್ಲಿ ಸೀಸೆಯನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಬಳಸಿರಿ.

ಎರಡು ಬಗೆಯ ಮಂಜುಗಡ್ಡೆ ಬೇಕು: ತಿರುವಲು ಸಾಧಾರಣ ಗಾತ್ರದ ತುಂಡುಗಳು, ಕುಡಿಯುವ ಲೋಟಕ್ಕೆ ಒಂದೇ ಒಂದು ದೊಡ್ಡ ಗಡ್ಡೆ. ಗಾತ್ರ ಹೆಚ್ಚಿದಂತೆ ತೂಕಕ್ಕೆ ಹೋಲಿಸಿದ ಮೇಲ್ಮೈ ಕಡಿಮೆಯಾಗುವುದರಿಂದ ದೊಡ್ಡ ಗಡ್ಡೆ ನಿಧಾನವಾಗಿ ಕರಗುತ್ತದೆ. ವಿಶೇಷ ಅಚ್ಚುಗಳೇನೂ ಬೇಡ. ನಿಮ್ಮ ಲೋಟದೊಳಗೆ ಇಳಿಯುವ ಸ್ಟೀಲಿನ ಸಣ್ಣ ಬಟ್ಟಲು ಸಾಕು. ಕೊಳವೆಬಾವಿಯ ಗಡಸು ನೀರಿನ ಉಪ್ಪುರುಚಿ ಮಂಜುಗಡ್ಡೆಯಲ್ಲಿಯೂ ಉಳಿಯುವುದರಿಂದ ಶೋಧಿಸಿದ ಕುಡಿಯುವ ನೀರನ್ನೇ ತುಂಬಿ, ಬಟ್ಟಲಿಗೆ ಮುಚ್ಚಳವಿಟ್ಟು ಹೆಪ್ಪುಗಟ್ಟಿಸಿರಿ. ಮುಚ್ಚದ ಮಂಜುಗಡ್ಡೆ ಫ್ರೀಜರಿನಲ್ಲಿರುವ ಮೀನಿನದೋ ಮಸಾಲೆಯದೋ ವಾಸನೆಯನ್ನು ಎರಡೇ ದಿನಗಳಲ್ಲಿ ಹೀರಿಬಿಡುತ್ತದೆ.

ಮಾಡುವ ಕ್ರಮ

1. ದೊಡ್ಡ ಗಡ್ಡೆಯನ್ನು ಫ್ರೀಜರಿನಿಂದ ತೆಗೆದು ಕುಡಿಯುವ ಲೋಟದಲ್ಲಿಟ್ಟು ಬದಿಗಿಡಿರಿ. ಆಗತಾನೆ ತೆಗೆದ ಗಡ್ಡೆಯ ಮೈ ಬೂದಿ ಹಚ್ಚಿದಂತೆ ಬಿಳುಪಾಗಿ ಒಣಗಿರುತ್ತದೆ. ಆ ಬಿಳುಪು ಹೋಗಿ ಹೊಳಪು ಬಂದ ಮೇಲೆ ದ್ರವವನ್ನು ಸುರಿದರೆ ಗಡ್ಡೆ ಬಿರಿಯುವುದಿಲ್ಲ.

2. ದಪ್ಪ ಗಾಜಿನ ಇನ್ನೊಂದು ಎತ್ತರದ ಲೋಟಕ್ಕೆ ಮೊದಲು ಕತ್ತಾಳೆಯ ಪಾಕ, ಅನಂತರ ಬಿಟರ್ಸ್, ಆಮೇಲೆ ಟೆಕಿಲಾ, ಕೊನೆಗೆ ಮೆಜ್ಕಾಲ್ ಹಾಕಿರಿ. ಅಗ್ಗದವು ಮೊದಲಾಗಲೆಂಬುದು ಪಾನಗೃಹದವರ ಪದ್ಧತಿ. ಅಳತೆ ತಪ್ಪಿದರೆ ಚೆಲ್ಲುವ ನಷ್ಟ ಸಣ್ಣದಾಗುತ್ತದೆ. 30 ಮತ್ತು 60 ಮಿಲಿಲೀಟರಿನ ಪೆಗ್ ಅಳತೆಯೊಂದೇ ಮನೆಯಲ್ಲಿದ್ದರೆ, ಕೆಮ್ಮಿನ ಔಷಧದ ಜೊತೆಗೆ ಬರುವ ಗೆರೆ ಕೊರೆದ ಪುಟ್ಟ ಬಟ್ಟಲನ್ನು ಚೆನ್ನಾಗಿ ತೊಳೆದು 5 ಮತ್ತು 15 ಮಿಲಿಲೀಟರುಗಳಿಗೆ ಬಳಸಿಕೊಳ್ಳಿರಿ. ಕಣ್ಣಂದಾಜು ಇಲ್ಲಿಗೆ ಸಲ್ಲದು.

3. ಮಂಜುಗಡ್ಡೆ ಹಾಕುವ ಮುನ್ನ ಉದ್ದ ಹಿಡಿಯ ಚಮಚದಿಂದ ತಳದವರೆಗೂ ಕಲಕಿರಿ. ಪಾಕ ಸಾಂದ್ರವಾದುದರಿಂದ ತಳಕ್ಕಿಳಿದು ಕೂಡುತ್ತದೆ. ತಂಪು ತಾಗಿದರೆ ಇನ್ನೂ ಗಟ್ಟಿಯಾಗಿ ಅಲ್ಲಿಯೇ ಉಳಿದುಬಿಡುತ್ತದೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಿದಾಗ ತಳದಲ್ಲಿ ಎಣ್ಣೆಯ ಎಳೆಗಳಂತೆ ಸುತ್ತುತ್ತಿರುವ ಗೆರೆಗಳು ಕಾಣದಾದಾಗ ಪಾಕ ಬೆರೆತಿದೆಯೆಂದು ತಿಳಿಯಿರಿ.

4. ಈಗ ಲೋಟದ ಮುಕ್ಕಾಲು ಮಟ್ಟಕ್ಕೆ ಬರುವಷ್ಟು ಮಂಜುಗಡ್ಡೆಯ ತುಂಡುಗಳನ್ನು ಹಾಕಿ, ಚಮಚದ ಬೆನ್ನು ಗಾಜಿಗೆ ತಾಗಿಕೊಂಡೇ ಸುತ್ತುವಂತೆ, ಸದ್ದಾಗದೆ, ಇಪ್ಪತ್ತರಿಂದ ಮೂವತ್ತು ಸೆಕೆಂಡು ತಿರುವಿರಿ. ಲೋಟದ ಹೊರಮೈ ಬೆವತು, ಹಿಡಿದ ಬೆರಳಿಗೆ ಚಳಿ ಕಚ್ಚಿದಾಗ ಚಮಚದ ತುದಿಯಿಂದ ಒಂದು ತೊಟ್ಟನ್ನು ನಾಲಗೆಗಿಟ್ಟು ನೋಡಿರಿ. ಮದ್ಯದ ಉರಿ ಮುಂದಾಗಿ ಬಂದರೆ ಇನ್ನೂ ಹತ್ತು ಸೆಕೆಂಡು ತಿರುವಬೇಕು.

5. ಸೋಸಿ, ದೊಡ್ಡ ಗಡ್ಡೆಯ ಮೇಲೆ ಸುರಿಯಿರಿ. ಟೀ ಸೋಸುವ ಜರಡಿಯೇ ಸಾಕು, ಆದರೆ ಟೀಯ ವಾಸನೆ ಹೋಗುವಂತೆ ತೊಳೆದಿರಬೇಕು.

6. ಕಿತ್ತಳೆಯಿಂದ ಹೆಬ್ಬೆರಳಿನಗಲದ ಪಟ್ಟಿಯೊಂದನ್ನು, ಒಳಗಿನ ಬಿಳಿಯ ಪದರ ಆದಷ್ಟು ಬರದಂತೆ, ಕೊಯ್ದುಕೊಳ್ಳಿರಿ. ಬಣ್ಣದ ಬದಿ ಪಾನೀಯದ ಕಡೆಗಿರುವಂತೆ ಎರಡೂ ಕೈಯ ಬೆರಳುಗಳಿಂದ ಹಿಡಿದು, ಲೋಟದಿಂದ ನಾಲ್ಕು ಬೆರಳೆತ್ತರದಲ್ಲಿ ತಟಕ್ಕನೆ ಮಡಚಿ ಹಿಂಡಿರಿ. ದೀಪದ ಎದುರಿನಲ್ಲಿ ಮಾಡಿದರೆ ಸಿಪ್ಪೆಯ ರಂಧ್ರಗಳಿಂದ ಹೊಮ್ಮಿದ ತೈಲ ಕಣ್ಣಿಗೆ ಕಾಣುವ ಸೂಕ್ಷ್ಮ ತುಂತುರಾಗಿ ಇಳಿದು, ಪಾನೀಯದ ಮೇಲೆ ಹೊಳೆಯುವ ಚುಕ್ಕೆಗಳಾಗಿ ಹರಡುವುದನ್ನು ನೋಡಬಹುದು. ಮೊದಲು ಮೂಗಿಗೆ ತಾಗುವುದು ಈ ತೈಲ. ಹೊಗೆ ಅದರ ಹಿಂದಿನಿಂದ ಬರುತ್ತದೆ. ಆ ಕ್ರಮವೇ ಈ ಪಾನೀಯದ ಸೊಬಗೆಂದು ನನ್ನ ಭಾವನೆ. ಸಿಪ್ಪೆಯನ್ನು ಲೋಟದ ಅಂಚಿಗೆ ಒಮ್ಮೆ ಸವರಿ ಒಳಗೆ ಬಿಡಿರಿ.

ಫಿಲ್ ವಾರ್ಡ್ ಅವರ ಮೂಲಕ್ರಮದಲ್ಲಿ ಸಿಪ್ಪೆಯ ತೈಲವನ್ನು ಬೆಂಕಿಯ ಮೂಲಕ ಹಾಯಿಸುವುದುಂಟು: ಕಡ್ಡಿ ಗೀರಿ, ಅದರ ಮದ್ದು ಪೂರ್ತಿ ಉರಿದುಹೋದ ಮೇಲೆ, ಸಿಪ್ಪೆಯನ್ನು ಜ್ವಾಲೆಯ ಹತ್ತಿರ ಬೆಚ್ಚಗೆ ಮಾಡಿ ಜ್ವಾಲೆಯೊಳಗಿಂದ ಪಾನೀಯದ ಕಡೆಗೆ ಹಿಂಡುವುದು. ತೈಲ ಕ್ಷಣಮಾತ್ರ ಭುಗ್ಗೆಂದು ಉರಿದು ಸುಟ್ಟ ಕಿತ್ತಳೆಯ ಪರಿಮಳವನ್ನು ಬಿಡುತ್ತದೆ. ಹೊಗೆಯ ಮದ್ಯಕ್ಕೆ ಇದು ಒಪ್ಪುವುದಾದರೂ ಕೈ ಪಳಗುವವರೆಗೆ ಅವಶ್ಯವಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಇವುಗಳಲ್ಲಿ ಮೊದಲನೆಯದು ಕುಲುಕುವುದು. ನಿಂಬೆರಸವಿರುವ ಮಾರ್ಗರಿಟಾದಂಥ ಪಾನೀಯಗಳಿಗೆ ಕುಲುಕುವುದರಿಂದ ಗಾಳಿ ಸೇರಿ ಹಗುರತನ ಬರುತ್ತದೆ. ಮದ್ಯವೇ ಪ್ರಧಾನವಾದ ಇದಕ್ಕೆ ಗಾಳಿಯ ಗುಳ್ಳೆ ಸೇರಿದರೆ ಕದಡಿದ ಬಣ್ಣವೂ, ಪುಡಿಯಾದ ಮಂಜಿನಿಂದ ಅತಿಯಾದ ನೀರೂ ಬಂದು ರೇಷ್ಮೆಯಂಥ ನಯ ಹಾಳಾಗುತ್ತದೆ.

ಎರಡನೆಯದು, ಪಾನೀಯ ಒರಟೆನಿಸಿದಾಗ ಸಿಹಿಯನ್ನು ಹೆಚ್ಚಿಸುವುದು. ಬಹುಮಟ್ಟಿಗೆ ಅದಕ್ಕೆ ಬೇಕಾಗಿರುವುದು ಹತ್ತು ಸೆಕೆಂಡಿನ ತಿರುವು, ಅಂದರೆ ಒಂದು ಚಮಚ ನೀರು. ಅದರ ಮೇಲೂ ಒರಟಾಗಿದ್ದರೆ ಮಾತ್ರ ಪಾಕವನ್ನು ಕಾಲು ಚಮಚ ಹೆಚ್ಚಿಸಿರಿ.

ಕತ್ತಾಳೆಯ ಪಾಕ ಸಿಗದೆ ಜೇನುತುಪ್ಪ ಹಾಕುವವರಿದ್ದಾರೆ. ಜೇನಿನ ಹೂವಿನ ಪರಿಮಳ ಮೆಜ್ಕಾಲಿನೊಡನೆ ಜಗಳಕ್ಕಿಳಿಯುತ್ತದೆ. ಸಮತೂಕದ ಸಕ್ಕರೆ ಮತ್ತು ನೀರನ್ನು ಕರಗಿಸಿದ ಪಾಕ ಎರಡು ಟೀ ಚಮಚ ಹಾಕುವುದು ಅದಕ್ಕಿಂತ ವಾಸಿ. ಬೆಲ್ಲದ ಪಾಕವನ್ನೂ ಪ್ರಯೋಗಿಸಬಹುದು: ಬಣ್ಣ ಮಬ್ಬಾದರೂ, ಮರದ ಗುಣ ಕಡಿಮೆಯಿರುವ ಟೆಕಿಲಾಕ್ಕೆ ಅದು ಒಂದು ಗಾಂಭೀರ್ಯವನ್ನು ಕೊಡುತ್ತದೆ, ಆದರೆ ಬಿಟರ್ಸನ್ನು ಒಂದೇ ಕೊಡವಿಗೆ ಇಳಿಸಬೇಕು.

ಮೆಜ್ಕಾಲ್ ಸಿಗದಿದ್ದರೆ

ಮೆಜ್ಕಾಲ್ ಎಲ್ಲ ಊರುಗಳ ಅಂಗಡಿಗಳಲ್ಲಿಯೂ ಸಿಗತಕ್ಕ ಪದಾರ್ಥವಲ್ಲ. ರೆಪೊಸಾದೊ 55 ಮಿಲಿಲೀಟರಿಗೆ ಹೊಗೆಯುಳ್ಳ ಐಲಾ ದ್ವೀಪದ ಸ್ಕಾಚ್ ವಿಸ್ಕಿ 5 ಮಿಲಿಲೀಟರ್ ಸೇರಿಸಿದರೆ ಧೂಮದ ಛಾಯೆ ಬರುತ್ತದೆ. ಅದು ಪೀಟ್ ಎಂಬ ಜೌಗುಮಣ್ಣಿನ ಹೊಗೆಯಾದುದರಿಂದ ಔಷಧದ ವಾಸನೆ ಹೆಚ್ಚು, ಸುಟ್ಟ ಗೆಡ್ಡೆಯ ಸವಿ ಕಡಿಮೆ. ಆದುದರಿಂದ 5 ಮಿಲಿಲೀಟರನ್ನು ಮೀರಬಾರದು.

ಕನ್ನಡನಾಡಿನ ಓದುಗರಿಗೆ ಹತ್ತಿರದ ಮತ್ತೊಂದು ದಾರಿಯೂ ಇದೆ. ಅಮೆರಿಕ ಖಂಡದಿಂದ ಬಂದು ದಖ್ಖನಿನ ಒಣಭೂಮಿಯಲ್ಲಿ ನೆಲೆಸಿ, ಹೊಲದ ಬೇಲಿಯಾಗಿಯೂ ಹಗ್ಗದ ನಾರಾಗಿಯೂ ನಮಗೆ ಚಿರಪರಿಚಿತವಾದ ಕತ್ತಾಳೆಯಿಂದಲೇ ಇಂದು ಭಾರತದಲ್ಲಿ ಮದ್ಯ ತಯಾರಾಗುತ್ತಿದೆ. ಡೆಸ್ಮಂಡ್ ನಜರೆತ್ ಎಂಬುವರು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಭಟ್ಟಿ ಸ್ಥಾಪಿಸಿ ಡೆಸ್ಮಂಡ್‌ಜಿ ಎಂಬ ಹೆಸರಿನಲ್ಲಿ 2011ರಿಂದ ಇದನ್ನು ಮಾರಾಟಕ್ಕೆ ತಂದರು. ಈಚೆಗೆ ಮಾಯಾ ಪಿಸ್ತೋಲಾ ಎಂಬುದೂ ಬಂದಿದೆ. ನಿಗದಿಯಾದ ಮೆಕ್ಸಿಕೋ ಪ್ರಾಂತ್ಯಗಳ ಹೊರಗೆ ತಯಾರಾದುದಕ್ಕೆ ಟೆಕಿಲಾ ಎಂಬ ಹೆಸರಿನ ಅಧಿಕಾರವಿಲ್ಲದಿರುವುದರಿಂದ ಇವು ಅಗಾವೆ ಮದ್ಯವೆಂದೇ ಕರೆಯಲ್ಪಡುತ್ತವೆ. ಜಾತಿಯೇ ಬೇರೆಯಾದುದರಿಂದ ರುಚಿಯೂ ಬೇರೆ. ಇವುಗಳಲ್ಲಿ ಓಕ್ ಮರದಲ್ಲಿ ತಂಗಿದ್ದ ಬಗೆಯನ್ನು ಆರಿಸಿ, ರೆಪೊಸಾದೊ ಬದಲು ಮೇಲಿನ ಅಳತೆಯಲ್ಲಿಯೇ ಹಾಕಿ ಮಾಡಿ ನೋಡಿರಿ. ನಮ್ಮ ನೆಲದ ಗಿಡದಿಂದ ಇಂಥದೊಂದು ಪಾನೀಯ ಸಾಧ್ಯವಾಗಿದೆಯೆಂಬುದು ನನಗಂತೂ ಸಂತೋಷದ ಸಂಗತಿ.

ಎಚ್ಚರಿಕೆಗಳು

ಬೇಲಿಯ ಕತ್ತಾಳೆಯನ್ನು ಕಡಿದು ಮನೆಯಲ್ಲಿಯೇ ಹುದುಗಿಸಿ ಬಟ್ಟಿಯಿಳಿಸುವ ಯೋಚನೆ ಯಾರಿಗೂ ಬರದಿರಲಿ. ಪರವಾನಗಿಯಿಲ್ಲದ ಬಟ್ಟಿ ಅಪರಾಧ. ಕ್ರಮವರಿಯದ ಬಟ್ಟಿಯಲ್ಲಿ ಮೆಥನಾಲಿನ ಅಪಾಯವುಂಟು. ಹಸಿಯ ಕತ್ತಾಳೆಯ ರಸದಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಚರ್ಮಕ್ಕೆ ತಾಗಿದರೂ ತುರಿಕೆ ಬೊಕ್ಕೆಗಳನ್ನೆಬ್ಬಿಸುತ್ತವೆ.

ನೂರಕ್ಕೆ 40ರ ಬಲದ ಮದ್ಯ 60 ಮಿಲಿಲೀಟರಿನಲ್ಲಿ ಸುಮಾರು 19 ಗ್ರಾಂ ಶುದ್ಧ ಆಲ್ಕೊಹಾಲಿದೆ. ತಂಪೂ ಸಿಹಿಯೂ ಸೇರಿ ಆ ಬಲ ನಾಲಗೆಗೆ ತಿಳಿಯುವುದಿಲ್ಲ, ಆದುದರಿಂದ ಒಂದೇ ಲೋಟವನ್ನು ಊಟದ ಜೊತೆಗೋ ತಿಂಡಿಯ ಜೊತೆಗೋ ನಿಧಾನವಾಗಿ ಹೀರಿರಿ. ಕುಡಿದ ಮೇಲೆ ವಾಹನ ನಡೆಸಬಾರದು. ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು, ಮೆಟ್ರೊನಿಡಜೋಲ್‌ನಂಥ ಔಷಧ ಸೇವಿಸುತ್ತಿರುವವರು ಇದನ್ನು ಮುಟ್ಟಬಾರದು. ಗುಜರಾತ್ ಬಿಹಾರ ಮೊದಲಾದ ರಾಜ್ಯಗಳಲ್ಲಿ ಪಾನನಿಷೇಧವಿದೆ. ಉಳಿದೆಡೆಗಳಲ್ಲಿ ಕನಿಷ್ಠ ವಯಸ್ಸಿನ ನಿಯಮವನ್ನು ಪಾಲಿಸತಕ್ಕದ್ದು. ಸಿಪ್ಪೆಗೆ ಬೆಂಕಿ ತೋರಿಸುವುದಾದರೆ ತೆರೆದ ಸೀಸೆಗಳನ್ನು ದೂರವಿಟ್ಟು, ಪರದೆ ಮತ್ತು ಸೆರಗುಗಳ ಕಡೆಗೆ ಗಮನವಿಡಿರಿ.

ಅತಿಥಿಗಳು ಹಲವರಿದ್ದಾಗ

ಎಂಟು ಮಂದಿಗೆ ಒಂದೊಂದಾಗಿ ತಿರುವುತ್ತ ನಿಂತರೆ ಮಾತುಕತೆಯೇ ತಪ್ಪಿಹೋಗುತ್ತದೆ. ಮುಂಚಿನ ದಿನವೇ ಒಂದು ಶುಚಿಯಾದ ಗಾಜಿನ ಸೀಸೆಯಲ್ಲಿ ರೆಪೊಸಾದೊ 360, ಮೆಜ್ಕಾಲ್ 120, ಕತ್ತಾಳೆಯ ಪಾಕ 40 ಮಿಲಿಲೀಟರ್ ಹಾಗೂ ಬಿಟರ್ಸ್ ಹದಿನಾರು ಕೊಡವು ಸೇರಿಸಿ ಕಲಕಿ, ಕರಗುವ ಮಂಜಿನ ಬದಲಾಗಿ ಶೋಧಿಸಿದ ನೀರು 100 ಮಿಲಿಲೀಟರ್ ಹಾಕಿ ಫ್ರಿಜ್ಜಿನಲ್ಲಿಡಿರಿ. ನೀರನ್ನು ಇಲ್ಲಿ ತುಸು ಕಡಿಮೆ ಹೇಳಿರುವುದು, ಬಡಿಸುವಾಗ ಲೋಟದ ದೊಡ್ಡ ಗಡ್ಡೆಯಿಂದ ಉಳಿದುದು ಬರುವುದರಿಂದ. ಫ್ರೀಜರಿನಲ್ಲಿಡಬಾರದು, ನೀರು ಬೆರೆತು ಬಲ ಇಳಿದ ಈ ಮಿಶ್ರಣ ಅಲ್ಲಿ ಹರಳುಗಟ್ಟತೊಡಗಬಹುದು. ಬಡಿಸುವ ಮೊದಲು ಸೀಸೆಯನ್ನು ಮೆಲ್ಲಗೆ ಎರಡು ಸಲ ತಲೆಕೆಳಗು ಮಾಡಿ, ಒಬ್ಬೊಬ್ಬರಿಗೆ 75ರಿಂದ 80 ಮಿಲಿಲೀಟರಿನಂತೆ ಸುರಿಯಿರಿ. ಕಿತ್ತಳೆಯ ಸಿಪ್ಪೆಯನ್ನು ಮಾತ್ರ ಮೊದಲೇ ಕೊಯ್ದಿಡಬೇಡಿರಿ. ಅದರ ತೈಲ ಒಣಗಿಹೋಗುತ್ತದೆ.